ಜಾಕಿ ಲೆಸ್ಟರ್ ಪಿಗಟ್ ಹೋದರು

ಟಾಂಗಾ ಮೊಮ್ಮಗ, ವಿಜಯಪುರ: ಇಂಗ್ಲೆಂಡಿನ ಜಾಕಿ (ರೇಸ್ ಕುದುರೆ ಸವಾರ) ಲೆಸ್ಟರ್ ಪಿಗಟ್ 2022ರ ಮೇ 29ರಂದು ತೀರಿಕೊಂಡರು. 86 ವರ್ಷ. ಮೊದಲ ರೇಸ್ ಗೆದ್ದಾಗ ಬರೀ 12 ವರ್ಷದ ಹುಡುಗ. ಇಂಗ್ಲೆಂಡಿನ ಹೆಸರಾಂತ ಕುದುರೆ ರೇಸ್ ಎಪ್ಸಮ್ ಡರ್ಬಿಯನ್ನು 9 ಸಲ ಗೆದ್ದರು, ಅಷ್ಟು ಸಲ ಗೆದ್ದ ಇನ್ನೊಬ್ಬ ಜಾಕಿ ಇಲ್ಲ. ಚಿಕ್ಕಂದಿನಿಂದ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಮಾತೂ ಕಡಿಮೆ. ನಮ್ಮಜ್ಜ ಗೋಳಗುಮ್ಮಟದ ಮುಂದೆ ಟಾಂಗಾ ಹೊಡೆಯುತ್ತಿದ್ದರು. ಕುದುರೆಗೆ ಮೊದಲು ಗೊತ್ತಾಗೋದು ಲಗಾಮು ಹಿಡಿದ ಕೈ, ಆಮೇಲೆ ಬಾಯಿಮಾತು ಅನ್ನುತ್ತಿದ್ದರು. ಪಿಗಟ್ ಓಡಿಸೋ ಹಳೇ ವಿಡಿಯೋ ನೋಡಿದಾಗೆಲ್ಲ ಅಜ್ಜ ನೆನಪಾಗುತ್ತಾರೆ. ದೊಡ್ಡ ಮನುಷ್ಯ.

ಮುಧೋಳ ಮಾಸ್ತರ: ತಮ್ಮಾ, ಚೆನ್ನಾಗಿ ಬರೆದಿದ್ದೀಯ, ಆದರೆ ಜೈಲನ್ನು ನುಂಗಿಬಿಟ್ಟೆಯಲ್ಲ! 30 ಲಕ್ಷ ಪೌಂಡಿಗೂ ಜಾಸ್ತಿ ತೆರಿಗೆ ತಪ್ಪಿಸಿದ್ದಕ್ಕೆ 1987ರಲ್ಲಿ 3 ವರ್ಷ ಶಿಕ್ಷೆ ಆಯಿತು. ರಾಣಿ ಕೊಟ್ಟಿದ್ದ ಬಿರುದನ್ನೂ ವಾಪಸ್ ತೆಗೆದುಕೊಂಡರು. ನನ್ನ ಪಗಾರದಲ್ಲಿ ತೆರಿಗೆ ಕೈಗೆ ಬರೋ ಮೊದಲೇ ಕಟ್ ಆಗುತ್ತದೆ, ಬಚ್ಚಿಡೋಕೆ ದಾರಿಯೇ ಇಲ್ಲ. ಅದಕ್ಕೇ ಇಂಥವರನ್ನು ಕಂಡರೆ ಸಿಟ್ಟು ಬರೋದು.

ಜಮಖಂಡಿ ಹುಡುಗ: ಸರ್, ಜೈಲಿಗೆ ಹೋಗಿ ಬಂದರಲ್ಲ, ಮುಗೀತು. ಒಂದು ವರ್ಷದ ಮೇಲೆ ಒಂದು ದಿನ ಒಳಗಿದ್ದರು. ಹೊರಗೆ ಬಂದು, 54ನೇ ವಯಸ್ಸಿಗೆ ಮತ್ತೆ ಜೀನು ಹತ್ತಿ, ಎರಡು ವಾರ ಆಗೋದರೊಳಗೆ ಅಮೆರಿಕಕ್ಕೆ ಹೋಗಿ ರಾಯಲ್ ಅಕಾಡೆಮಿ ಅನ್ನೋ ಕುದುರೆ ಮೇಲೆ ಬ್ರೀಡರ್ಸ್ ಕಪ್ ಮೈಲ್ ಅನ್ನೋ ದೊಡ್ಡ ರೇಸ್ ಗೆದ್ದರು. ಇದು 1990ರ ಅಕ್ಟೋಬರ್. ಬಿರುದು ಹೋಯಿತು ಅಂದಿರಲ್ಲ, 2019ರಲ್ಲಿ ಎಪ್ಸಮ್‌ನಲ್ಲಿ ಅವರ ಪುತ್ಥಳಿ ಅನಾವರಣ ಮಾಡಿದ್ದು ಅದೇ ರಾಣಿ!

ಗೋಕಾಕದ ಸೊಸೆ: ಪುತ್ಥಳಿ ನಿಲ್ಲಿಸೋರಿಗೆ ಏನು, ನಿಲ್ಲಿಸುತ್ತಾರೆ. ನಮ್ಮ ಮಾವನವರಿಗೆ ರೇಸಿನ ಹುಚ್ಚು ಇತ್ತು. ಕಬ್ಬಿನ ಬಿಲ್ಲು ಕೈಗೆ ಬಂದ ವಾರವೇ ಬೆಂಗಳೂರಿನ ಬಸ್ಸು ಹತ್ತೋರು. ಎರಡು ಎಕರೆ ಹೋಯಿತು, ಅತ್ತೆಯ ಬೋರಮಾಳ ಹೋಯಿತು. ಸತ್ತ ಮೇಲೆ ಅವರ ಕೋಟಿನ ಜೇಬಲ್ಲಿ ಸಿಕ್ಕಿದ್ದು ಮಡಚಿದ ರೇಸ್ ಪುಸ್ತಕ, ಒಂದೊಂದು ಕುದುರೆ ಹೆಸರಿನ ಪಕ್ಕ ಪೆನ್ಸಿಲ್ ಗುರುತು, ಅದರ ಕೆಳಗೆ ಮೊಮ್ಮಗಳ ಸ್ಕೂಲ್ ಫೀಯ ಲೆಕ್ಕ. ಅದನ್ನು ನೋಡಿದವಳಿಗೆ ಜಾಕಿಗೆ ಹಾರ ಹಾಕೋದು ಆಗೋದಿಲ್ಲ ನೋಡಿ.

ಟಾಂಗಾ ಮೊಮ್ಮಗ: ಅಕ್ಕಾರೆ, ನೋವಾಯಿತು ಓದಿ. ಆದರೆ ರೊಕ್ಕ ಹಾಕಿಸಿದ್ದು ಪಿಗಟ್ ಅಲ್ವಲ್ಲ?

ಗೋಕಾಕದ ಸೊಸೆ: ಅಲ್ಲ. ಹಾಗಂತ ನಾನೂ ಹೇಳಲಿಲ್ಲ. ಗೆದ್ದೋರ ಕಥೆಯನ್ನಷ್ಟೇ ಹೇಳುತ್ತೀರಿ ಅಂದೆ.

ಚಿಕ್ಕೋಡಿ ಗಾಡಿ: ತೆರಿಗೆ ಗಿರಿಗೆ ಬಿಡಿ. ನಾನು ಕುದುರೆ ಗಾಡಿ ಶರ್ಯತ್ತಿನವನು, ನನಗೆ ಕೂತಿರೋದು ಬೇರೆ ವಿಷಯ. 1979ರಲ್ಲಿ ಫ್ರಾನ್ಸಿನ ಡೋವಿಲ್‌ನಲ್ಲಿ ಈ ಪುಣ್ಯಾತ್ಮನ ಕೈಯಿಂದ ಚಾಬೂಕು ಜಾರಿ ಬಿತ್ತು. ಏನು ಮಾಡಬೇಕು? ಓಡುತ್ತಿರೋ ರೇಸಿನಲ್ಲೇ ಪಕ್ಕದ ಜಾಕಿ ಲೆಕೂ ಕೈಯಿಂದ ಚಾಬೂಕು ಕಿತ್ತುಕೊಂಡು ತನ್ನ ಕುದುರೆಗೆ ಹೊಡೆದ! 20 ದಿನ ಅಮಾನತು ಮಾಡಿದರು. ನಮ್ಮ ಕಡೆ ಹಂಗೇನಾದರೂ ಮಾಡಿದ್ದರೆ ಕಮಿಟಿಯವರು ಬರೋ ಮೊದಲು ಜನವೇ ಗಾಡಿಯಿಂದ ಇಳಿಸಿರೋರು. ಆದರೂ ಸುಳ್ಳು ಯಾಕೆ ಹೇಳಲಿ, ಓದಿ ನಗು ಬಂತು. ಅಂಥ ವೇಗದಲ್ಲಿ ಪಕ್ಕದವನ ಕೈಗೆ ಕೈ ಹಾಕೋಕೆ ಎಷ್ಟು ಧೈರ್ಯ ಬೇಕು!

ಮುಧೋಳ ಮಾಸ್ತರ: ಚಾಬೂಕಿಗೆ ನಗಬಹುದು. 1972ರ ಡರ್ಬಿಗೆ ನನಗೆ ನಗು ಬರೋದಿಲ್ಲ. ರಾಬರ್ಟೊ ಕುದುರೆಯನ್ನು ಓಡಿಸಬೇಕಾಗಿದ್ದದ್ದು ಬಿಲ್ ವಿಲಿಯಮ್ಸನ್. ಕೆಲವು ದಿನ ಮೊದಲು ಬಿದ್ದು ಪೆಟ್ಟಾಗಿತ್ತು, ವಾಸಿಯಾಗಿದೆ ಅಂದರೂ ಮಾಲೀಕ ಕೇಳದೆ ಪಿಗಟ್‌ನ ಹತ್ತಿಸಿದ. ಇವರೂ ಹತ್ತಿದರು. ಕೂದಲೆಳೆಯಷ್ಟರಲ್ಲಿ ಗೆದ್ದರು ಅನ್ನೋದು ನಿಜ, ಆದರೆ ಚಪ್ಪಾಳೆಯೇ ಬೀಳಲಿಲ್ಲ. ಅದೇ ದಿನ ಮಧ್ಯಾಹ್ನ ವಿಲಿಯಮ್ಸನ್ ಬೇರೆ ಎರಡು ರೇಸ್ ಗೆದ್ದಾಗ ಜನ ಕೂಗಿದ್ದೇ ಕೂಗಿದ್ದು. ಒಬ್ಬರ ಅನ್ನ ಕಿತ್ತುಕೊಂಡ ಡರ್ಬಿಯೂ ಆ ಒಂಬತ್ತರಲ್ಲಿ ಸೇರಿದೆ ತಮ್ಮಾ.

ಜಮಖಂಡಿ ಹುಡುಗ: ಹತ್ತಿಸಿದ್ದು ಮಾಲೀಕ ಸರ್. ಒಲ್ಲೆ ಅಂದಿದ್ದರೆ ಇನ್ನೊಬ್ಬ ಹತ್ತುತ್ತಿದ್ದ.

ಮುಧೋಳ ಮಾಸ್ತರ: ಹತ್ತಲಿ. ಆಗ ಅವನಿಗೆ ಬೈಯುತ್ತಿದ್ದೆ.

ಗೋಕಾಕದ ಸೊಸೆ: ಒಂದು ಮಾತು. ಈಗ ಸುಮ್ನೆ ಇವರ ಬಗ್ಗೆ ಓದುತ್ತಾ ಕೂತಿದ್ದೆ. ಐದು ಅಡಿ ಎಂಟು ಇಂಚು, ಜಾಕಿಗೆ ತುಂಬಾ ಎತ್ತರವಂತೆ. ತೂಕ 53 ಕಿಲೋ ಆಸುಪಾಸು ಇಡಬೇಕು ಅಂತ ವರ್ಷಗಟ್ಟಲೆ ಹಸಿದುಕೊಂಡೇ ಇದ್ದರು, ಕಾಫಿ ಕುಡಿದು ಚುಟ್ಟಾ ಸೇದಿ ಹೊಟ್ಟೆ ಸುಮ್ಮನಾಗಿಸೋದು. ಇಷ್ಟು ರೊಕ್ಕ ಗಳಿಸಿ ಹೊಟ್ಟೆ ತುಂಬಾ ಊಟ ಮಾಡದ ಮನುಷ್ಯ! ಹಾರ ಹಾಕೋದಿಲ್ಲ, ಆದರೆ ಇವತ್ತು ಬೈಯೋದೂ ಇಲ್ಲ.

ಚಿಕ್ಕೋಡಿ ಗಾಡಿ: ಅಕ್ಕಾ, ನಮ್ಮ ಹುಡುಗರೂ ಶರ್ಯತ್ತಿನ ಹಿಂದಿನ ರಾತ್ರಿ ಊಟ ಬಿಡುತ್ತಾರೆ. ಕುದುರೆಗೆ ಮಾತ್ರ ಹುರುಳಿ ತಪ್ಪೋದಿಲ್ಲ.

ಮುಧೋಳ ಮಾಸ್ತರ: ನನ್ನದು ಒಂದೇ ತಕರಾರು. ಮೇಲಿನ ಬರಹದಲ್ಲಿ ಜೈಲಿನ ಸಾಲು ಸೇರಿಸು. ವಿಲಿಯಮ್ಸನ್ ಹೆಸರೂ ಇರಲಿ.

ಟಾಂಗಾ ಮೊಮ್ಮಗ: ಎರಡೂ ಸೇರಿಸುತ್ತೇನೆ ಸರ್. ಆದರೆ ಡರ್ಬಿಯ ಸಾಲು ಮೇಲೇ ಇರುತ್ತದೆ, ಅದನ್ನು ಕೆಳಗೆ ಇಳಿಸು ಅನ್ನಬೇಡಿ.