ಐದೂವರೆ ವರ್ಷದ ಮಗನ ಬಾಯಲ್ಲಿ ಬೈಗುಳ, ಏನು ಮಾಡಲಿ?

ಪ್ರಶ್ನೆ (ತಾಯಿ, ಸಕಲೇಶಪುರ): ಒಂದು ತಿಂಗಳಿಂದ ಮಗನ ಬಾಯಿಗೆ 'ಬೋ...ಮಗ' ಅಂಟಿಕೊಂಡಿದೆ. ಲೋಟ ಬಿದ್ದರೂ ಅದೇ, ಬೆಕ್ಕು ಅಡ್ಡ ಬಂದರೂ ಅದೇ. ಮೊದಲ ಸಲ ಅಂದಾಗ ಎಲ್ಲರೂ ನಕ್ಕೆವು. ಅವನ ಚಿಕ್ಕಪ್ಪ ಮತ್ತೊಮ್ಮೆ ಹೇಳಿಸಿ ವಿಡಿಯೋ ಮಾಡಿದರು. ಹೋದ ಭಾನುವಾರ ನೆಂಟರ ಎದುರು ಅಂದ, ಕೆನ್ನೆಗೆ ಬಾರಿಸಿದೆ. ಅತ್ತೆ 'ಬಾಯಿಗೆ ಮೆಣಸಿನಕಾಯಿ ಇಡು, ತಾನಾಗೇ ಬಿಡ್ತಾನೆ' ಅನ್ನುತ್ತಾರೆ. ಇಡಲಾ?

ಉತ್ತರ (ಮಕ್ಕಳ ಆಪ್ತಸಮಾಲೋಚಕಿ, ಹಾಸನ): ಬೇಡವೇ ಬೇಡ. ಬಾಯಿ ಉರಿಯುತ್ತದೆ, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಇನ್ನೊಂದು ಗೋಳು. ಬೈಗುಳ ಹೋಗುವುದಿಲ್ಲ, ನಿಮ್ಮ ಕಿವಿಗೆ ಬೀಳದ ಜಾಗಕ್ಕೆ ಹೋಗುತ್ತದೆ ಅಷ್ಟೇ.

ಆ ಪದದ ಅರ್ಥ ಅವನಿಗೆ ಗೊತ್ತಿರಲಿಕ್ಕಿಲ್ಲ. ಅದು ಬಾಯಿಂದ ಬಂದರೆ ಇಡೀ ಮನೆ ತನ್ನ ಕಡೆ ತಿರುಗುತ್ತದೆ ಅನ್ನುವುದು ಚೆನ್ನಾಗಿ ಗೊತ್ತು. ಒಂದು ದಿನ ನಗು, ಇನ್ನೊಂದು ದಿನ ಏಟು. ಯಾವಾಗ ಏನು ಸಿಗುತ್ತದೋ ಗೊತ್ತಿಲ್ಲದ ಆಟವೇ ಮಕ್ಕಳಿಗೆ ಜಾಸ್ತಿ ಹಿಡಿಸುವುದು. ಹಾಗಾಗಿ ಮೊದಲು ಚಿಕ್ಕಪ್ಪನ ಫೋನಿನಲ್ಲಿರುವ ವಿಡಿಯೋ ಅಳಿಸಿಸಿ.

ಅವನು ಅಂದ ತಕ್ಷಣ ನಗಬೇಡಿ, ಗದರಬೇಡಿ, ಕಣ್ಣು ಕೂಡ ಅಗಲಿಸಬೇಡಿ. ಕೈಯಲ್ಲಿರುವ ಕೆಲಸ ಮುಂದುವರಿಸಿ. ಆಮೇಲೆ ಸ್ನಾನ ಮಾಡಿಸುವಾಗಲೋ ಊಟ ಹಾಕುವಾಗಲೋ 'ಆ ಮಾತು ಕೇಳಿದವರಿಗೆ ಬೇಜಾರಾಗುತ್ತೆ ಕಣೋ, ನಮ್ಮನೇಲಿ ಬೇಡ' ಅಂತ ಒಂದೇ ಸಲ ಹೇಳಿ. ಭಾಷಣ ಬೇಡ. ಆದರೆ ಯಾರಿಗಾದರೂ ಬೈದರೆ ಸುಮ್ಮನಿರಬೇಡಿ. ಅಲ್ಲಿಗೆ ಆಟ ಬಂದ್.

ಸಿಟ್ಟು ಬಂದಾಗ ಬಾಯಿಗೆ ಏನಾದರೂ ಬೇಕಲ್ವಾ? ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗ 'ಥೂ, ಆಲೂಗಡ್ಡೆ!' ಅನ್ನುವುದನ್ನು ತಾನೇ ಆರಿಸಿಕೊಂಡಿದ್ದ. ಆಲೂಗಡ್ಡೆ ಬೆಳೆಯುವ ಹಾಸನದವನು ತಾನೇ. 'ಡ್ಡೆ' ಅನ್ನುವಾಗ ನೆಲಕ್ಕೆ ಕಾಲು ಕುಟ್ಟುತ್ತಿದ್ದ, ಅಷ್ಟಕ್ಕೇ ಸಿಟ್ಟು ಇಳಿಯುತ್ತಿತ್ತು.

ಅಂದಹಾಗೆ, ಇದನ್ನು ಕಲಿತದ್ದು ಎಲ್ಲಿ?

ತಾಯಿ: ಹೇಳಲು ಮುಜುಗರ. ನಮ್ಮ ಯಜಮಾನರು ಪಿಕಪ್ ಓಡಿಸುತ್ತಾರೆ. ದೋಣಿಗಾಲ್ ಹತ್ತಿರ ಲಾರಿ ಅಡ್ಡ ನಿಂತರೆ ಬಾಯಿಗೆ ಬಂದಂತೆ ಬೈಯುತ್ತಾರೆ. ರಜೆ ದಿನ ಮಗ ಪಕ್ಕದ ಸೀಟಲ್ಲೇ ಇರುತ್ತಾನೆ.

ಉತ್ತರ: ಹಾಗಾದರೆ ಅಪ್ಪನಿಗೂ ಆಲೂಗಡ್ಡೆ! ಬಾಯಿ ತಪ್ಪಿದರೆ ಮಗನ ಎದುರೇ 'ತಪ್ಪಾಯ್ತು' ಅನ್ನಲಿ. ನಮ್ಮ ಕಡೆ ಅಜ್ಜಿಯರು ಮುದ್ದಿಗೂ 'ಮುಂಡೇದೇ' ಅನ್ನುತ್ತಾರೆ. ಅದೂ ಬೈಗುಳವೇ. ಯಾವುದು ಮುದ್ದು, ಯಾವುದು ಬೈಗುಳ ಅಂತ ಐದು ವರ್ಷದ ಮಗುವಿಗೆ ಹೇಗೆ ತಿಳಿಯಬೇಕು?

ಇನ್ನೊಬ್ಬರ ಪ್ರಶ್ನೆ (ತಂದೆ, ಮೂಡಿಗೆರೆ): ಮಗಳಿಗೆ ಎಂಟು ವರ್ಷ. ಒಂದು ವರ್ಷದಿಂದ ಪದೇಪದೇ ಕಣ್ಣು ಮಿಟುಕಿಸುತ್ತಾಳೆ, ಗಂಟಲು ಕೆರೆಯುತ್ತಾಳೆ. ಈಗ ಮಧ್ಯೆ ಒಂದು ಕೆಟ್ಟ ಪದವೂ ಹಾರಿಬರುತ್ತದೆ. ಆಮೇಲೆ ಅವಳೇ ಅಳುತ್ತಾಳೆ.

ಉತ್ತರ: ಇದು ಬೇರೆ ವಿಷಯ. ಅವಳನ್ನು ಬೈಯಬೇಡಿ, ತಡೆದುಕೋ ಅಂತ ಒತ್ತಾಯವೂ ಬೇಡ. ಟುರೆಟ್ ಅನ್ನುವ ನರ ಸಂಬಂಧಿ ತೊಂದರೆಯಲ್ಲಿ ಹೀಗೆ ಆಗುವುದುಂಟು. ಅದು ಇದ್ದವರಲ್ಲೂ ಕೆಲವರಿಗೆ ಮಾತ್ರ ಕೆಟ್ಟ ಪದ ಬರುತ್ತದೆ. ಅದೇ ಹೌದೋ ಅಲ್ಲವೋ ಅಂತ ನಾನು ಇಲ್ಲಿ ಕೂತು ಹೇಳಲಾಗದು, ಮಕ್ಕಳ ವೈದ್ಯರಿಗೋ ಮನೋವೈದ್ಯರಿಗೋ ತೋರಿಸಿ. ಕಣ್ಣು ಮಿಟುಕಿಸುವುದನ್ನು ಅವಳಿಗೆ ಗೊತ್ತಾಗದ ಹಾಗೆ ವಿಡಿಯೋ ಮಾಡಿಕೊಂಡು ಹೋಗಿ, ವೈದ್ಯರ ಎದುರು ಮಕ್ಕಳು ಎಷ್ಟೋ ಸಲ ಸರಿಯಾಗಿಯೇ ಇರುತ್ತಾರೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಸಕಲೇಶಪುರದ ತಾಯಿ (ಎಂಟು ದಿನದ ಮೇಲೆ): ಮೇಡಂ, ಜಾಸ್ತಿಯೇ ಆಗಿದೆ! ನಿನ್ನೆ ನನ್ನ ಮುಖ ನೋಡಿಕೊಂಡೇ ಇಪ್ಪತ್ತು ಸಲ ಅಂದ.

ಉತ್ತರ: ಮುಖ ನೋಡಿಕೊಂಡು ಅಂದ ಅಲ್ವಾ, ಅದೇ ವಿಷಯ. ಸ್ವಿಚ್ ಒತ್ತಿದಾಗ ಲೈಟ್ ಹತ್ತದಿದ್ದರೆ ನಾವೂ ನಾಲ್ಕು ಸಲ ಒತ್ತುತ್ತೇವೆ. ಈಗ ಸೋತು ಒಂದು ಏಟು ಕೊಟ್ಟರೆ, ಇಪ್ಪತ್ತು ಸಲ ಅಂದರೆ ಕೆಲಸ ಆಗುತ್ತದೆ ಅಂತ ಕಲಿತುಬಿಡುತ್ತಾನೆ. ಇನ್ನೆರಡು ವಾರ ತಡೆಯಿರಿ. ಮನೆಯವರೆಲ್ಲ ಒಂದೇ ಥರ ಇರಬೇಕು.

ತಾಯಿ: ಅತ್ತೆ ಒಪ್ಪಿದರು. ಇವರನ್ನು ಒಪ್ಪಿಸುವುದೇ ಕಷ್ಟ.