ಸಹಾಯ ಬೇಕು: ‘ಅಪಾರ್ಟ್’ ಪದವನ್ನು ಮಗಳಿಗೆ ಹೇಗೆ ಹೇಳಿಕೊಡಲಿ?

ಎಲ್ಲರಿಗೂ ನಮಸ್ಕಾರ. 7ನೇ ತರಗತಿಯ ಮಗಳಿಗೆ ಇಂಗ್ಲಿಷ್ ಹೇಳಿಕೊಡಲು ಕೂತು ನಾನೇ ಸಿಕ್ಕಿಹಾಕಿಕೊಂಡಿದ್ದೇನೆ. ‘ಅಪಾರ್ಟ್’ ಅಂದರೆ ದೂರ ದೂರ, ಬೇರೆ ಬೇರೆ ಅಂತ ಹೇಳಿದೆ. ಸಸಿಗಳನ್ನು 2 ಅಡಿ ‘ಅಪಾರ್ಟ್’ ನೆಡಿ ಅಂದರೆ ನಡುವೆ ಅಷ್ಟು ಜಾಗ ಬಿಡಬೇಕು. ಗಡಿಯಾರ ಬಿಚ್ಚಿ ಹಾಕಿದರೆ ‘ಟೇಕ್ ಅಪಾರ್ಟ್’. ಇಲ್ಲಿವರೆಗೆ ಸರಿ.

ತಲೆ ಕೆಟ್ಟಿದ್ದು ‘ಅಪಾರ್ಟ್ ಫ್ರಮ್’ ಬಂದಾಗ. ‘ಅಪಾರ್ಟ್ ಫ್ರಮ್ ರವಿ, ಎವ್ರಿಒನ್ ಕೇಮ್’ ಅಂದರೆ ರವಿ ಬರಲಿಲ್ಲ. ‘ಅಪಾರ್ಟ್ ಫ್ರಮ್ ಕನ್ನಡ, ಶಿ ಸ್ಪೀಕ್ಸ್ ತುಳು’ ಅಂದರೆ ಕನ್ನಡವೂ ಬರುತ್ತದೆ! ಒಂದು ಕಡೆ ‘ಬಿಟ್ಟು’, ಇನ್ನೊಂದು ಕಡೆ ‘ಅಲ್ಲದೆ’. ಸಾಲಿನಲ್ಲಿ ‘ಎಲ್ಲರೂ’, ‘ಯಾರೂ ಇಲ್ಲ’ ಇದ್ದರೆ ‘ಬಿಟ್ಟು’ ಅಂತ ನನ್ನ ಊಹೆ. ಇದು ಸರಿಯಾ? ಬೇರೆ ಸುಲಭದ ಗುರುತು ಇದೆಯಾ?

‘ಎ ಪಾರ್ಟ್’ ಅಂತ ಬಿಡಿಸಿ ಬರೆದರೆ ‘ಒಂದು ಭಾಗ’. ಪೂರಾ ಉಲ್ಟಾ, ಅಲ್ವಾ? ‘ಐ ಆಮ್ ಎ ಪಾರ್ಟ್ ಆಫ್ ದ ಟೀಮ್’ ಅನ್ನೋದನ್ನ ಮಗಳು ಕೂಡಿಸಿ ಬರೆದು ಅಂಕ ಕಳೆದುಕೊಂಡಳು. (ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳಿಗೆ ‘ಅಪಾರ್ಟ್‌ಮೆಂಟ್’ ಅಂತ ಯಾಕೆ ಕರೆದರೋ!)

ಗುಂಪಿನಲ್ಲಿ ಇಂಗ್ಲಿಷ್ ಮೇಷ್ಟ್ರು, ಟೀಚರ್ ಯಾರಾದರೂ ಇದ್ದರೆ ಮನೆಮಾತಿನ ನಾಲ್ಕೈದು ಉದಾಹರಣೆ ಕೊಡಿ. ಗುರುವಾರ ಟೆಸ್ಟ್ ಇದೆ.