ಅರ್ಧ ಓದಿದ ಪುಸ್ತಕ ಕಿತ್ತುಕೊಳ್ಳಬೇಡ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜು ಬೆಳಗ್ಗೆಯೇ ನೋಡಿದೆ. ಇಷ್ಟೆಲ್ಲ ಟೈಪ್ ಮಾಡುವುದು ನನ್ನಿಂದ ಆಗುವ ಕೆಲಸವಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಗ್ರೂಪಿನಲ್ಲಿರುವ ಉಳಿದವರೂ ಪೂರ್ತಿ ಕೇಳಿ, ಎಲ್ಲರ ಮನೆಯಲ್ಲೂ ಮಕ್ಕಳಿದ್ದಾರೆ.

ನಮ್ಮ ಚಿನ್ನಿ ಇಂಗ್ಲೆಂಡಿನ ಮಕ್ಕಳ ಲೇಖಕಿ ಎನಿಡ್ ಬ್ಲೈಟನ್ ಪುಸ್ತಕ ಹಿಡಿದು ಕೂತರೆ ಊಟಕ್ಕೂ ಏಳುವುದಿಲ್ಲ ಅಂದೆ. ನಿಮ್ಮ ಅಪಾರ್ಟ್‌ಮೆಂಟಿನವರು ಯಾರೋ "ಅಯ್ಯೋ, ಆಕೆಯ ಪುಸ್ತಕವಾ? ಕಪ್ಪು ಬಣ್ಣದವರನ್ನು ಕೀಳಾಗಿ ಬರೆದವಳು, ಸ್ವಂತ ಮಕ್ಕಳನ್ನೇ ಸರಿಯಾಗಿ ನೋಡಿಕೊಳ್ಳಲಿಲ್ಲವಂತೆ" ಅಂದರಂತೆ. ಈಗ ಪುಸ್ತಕ ತೆಗೆದು ಎತ್ತಿಡಲಾ ದೊಡ್ಡಮ್ಮ ಅಂತ ಕೇಳಿದ್ದೀಯ. ಬೇಡ. ಎತ್ತಿಡಬೇಡ. ಮಗು ಅರ್ಧ ಓದಿರುವ ಪುಸ್ತಕವನ್ನು ಕೈಯಿಂದ ಕಿತ್ತುಕೊಳ್ಳಬೇಡ. ಉಳಿದದ್ದೆಲ್ಲ ಆಮೇಲೆ.

ನಿನ್ನ ಸಣ್ಣ ಮಾವನ ಕಥೆ ನಿಮ್ಮಮ್ಮ ನಿನಗೆ ಹೇಳಿದ್ದಾಳೋ ಇಲ್ಲವೋ. ಅವಳಿಗೆ ಆಗ ಬಹಳ ಚಿಕ್ಕ ವಯಸ್ಸು, ನೆನಪಿರಲಿಕ್ಕಿಲ್ಲ. ನಾವು ಆಗ ಮೈಸೂರಿನ ಮನೆಯಲ್ಲಿದ್ದೆವು. ಮಾವ ಪ್ರೈಮರಿ ಪೂರ್ತಿ ಕನ್ನಡದಲ್ಲಿ ಓದಿ, ಆಮೇಲೆ ತಾತನ ಹಟಕ್ಕೆ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿದ. ಕ್ಲಾಸಿನಲ್ಲಿ ಎದ್ದು ನಿಲ್ಲಿಸಿದರೆ ಬಾಯಿ ಕಟ್ಟಿಹೋಗುತ್ತಿತ್ತು. ಮನೆಗೆ ಬಂದು ಹಿತ್ತಲಲ್ಲಿ ಒಬ್ಬನೇ ಕೂರುತ್ತಿದ್ದ. ಬಾಡಿಗೆಗೆ ಪುಸ್ತಕ ಕೊಡುವ ಒಂದು ಸಣ್ಣ ಲೈಬ್ರರಿ ನಮ್ಮ ಬೀದಿಯ ಕೊನೆಯಲ್ಲೇ ಇತ್ತು. ಅಲ್ಲಿಂದ ನಾನೇ ಅವನಿಗೆ ಇದೇ ಬ್ಲೈಟನ್ ಬರೆದ ಸಾಹಸ ಕಥೆಗಳ ಸರಣಿ ಫೇಮಸ್ ಫೈವ್‌ನ ಮೊದಲನೇ ಪುಸ್ತಕ ತಂದುಕೊಟ್ಟೆ. ನಾಲ್ಕು ಮಕ್ಕಳು, ಟಿಮ್ಮಿ ಅನ್ನುವ ನಾಯಿ, ಕಿರಿನ್ ಅನ್ನುವ ದ್ವೀಪ. 1942ರಲ್ಲಿ ಬಂದದ್ದು ಅದು. ಮೊದಲ ಪುಟಗಳನ್ನು ನನ್ನ ಪಕ್ಕ ಕೂತು ಓದಿದ. ಆಮೇಲೆ ನಾನು ಬೇಕಾಗಲಿಲ್ಲ. ವಾಕ್ಯ ಚಿಕ್ಕದು, ಕಥೆ ನಿಲ್ಲುವುದಿಲ್ಲ. ಇಂಗ್ಲಿಷ್ ಅಂದರೆ ಜ್ವರ ಬರುತ್ತಿದ್ದ ಹುಡುಗ ಚಿಮಣಿ ದೀಪ ಹಚ್ಚಿಕೊಂಡು ಓದಿದ.

ಬಿರುಗಾಳಿಗೆ ಮುಳುಗಿದ್ದ ಹಡಗು ಮೇಲೆ ಬಂದು ಬಂಡೆಗೆ ಸಿಕ್ಕಿಕೊಳ್ಳುತ್ತದೆ. ಮಕ್ಕಳು ಅದರೊಳಗೆ ಇಳಿಯುತ್ತಾರೆ, ಒಂದು ಪೆಟ್ಟಿಗೆ ಸಿಗುತ್ತದೆ. ಅಷ್ಟರವರೆಗೆ ಓದಿದ್ದ. ಮುಂದೆ ತಡೆಯಲಾರದೆ ಪುಸ್ತಕವನ್ನು ಶಾಲೆಗೆ ತೆಗೆದುಕೊಂಡು ಹೋದ. ಮೇಷ್ಟ್ರು ನೋಡಿದರು. ಹೆಸರು ಬೇಡ, ಈಗ ಅವರಿಲ್ಲ. ಇಡೀ ಕ್ಲಾಸಿನ ಮುಂದೆ ಪುಸ್ತಕ ಎತ್ತಿ ಹಿಡಿದು, ಇದು ಕಸ, ಇದನ್ನು ಓದಿದರೆ ಬುದ್ಧಿ ಮಂಕಾಗುತ್ತದೆ, ನಿನ್ನಂಥವನಿಗೆ ಇದೇ ಸರಿ ಅಂದರಂತೆ. ಎರಡು ತುಂಡು ಮಾಡಿದರು. ತಾತ ಲೈಬ್ರರಿಗೆ ದಂಡ ಕಟ್ಟಿದರು, ಮನೆಗೆ ಬಂದು ಅವನಿಗೆ ಬೆತ್ತದ ಏಟೂ ಕೊಟ್ಟರು.

ನಾನು ಬೇರೆ ಪ್ರತಿ ತಂದುಕೊಡುತ್ತೇನೆ ಅಂದೆ. ಬೇಡ ಅಂದ. ಪೆಟ್ಟಿಗೆಯಲ್ಲಿ ಏನಿತ್ತು ಅಂತ ಬಾಯಲ್ಲೇ ಹೇಳುತ್ತೇನೆ ಅಂದೆ. ಎದ್ದು ಹೋದ. ಅವತ್ತಿನಿಂದ ಆ ಹುಡುಗ ಪಾಠದ ಪುಸ್ತಕ ಬಿಟ್ಟು ಇನ್ನೊಂದನ್ನು ಮುಟ್ಟಿದ್ದು ನಾನು ನೋಡಿಲ್ಲ. ಕನ್ನಡದ್ದೂ ಇಲ್ಲ. ಹುಬ್ಬಳ್ಳಿಯಲ್ಲಿ ಅಷ್ಟು ದೊಡ್ಡ ಕೆಲಸದಲ್ಲಿದ್ದು ರಿಟೈರ್ ಆದ. ಈಗ ಕಾಲ ಕಳೆಯುವುದೇ ಕಷ್ಟ ಅನ್ನುತ್ತಾನೆ. ಮಗ ಅಲಮಾರು ತುಂಬ ಪುಸ್ತಕ ಇಟ್ಟಿದ್ದಾನೆ. ಇವನು ಪೇಪರ್ ಓದಿ ಮಡಿಸಿಟ್ಟು ಸುಮ್ನೆ ಕೂರುತ್ತಾನೆ. ನನಗೆ ನೋಡಲು ಆಗುವುದಿಲ್ಲ ಪುಟ್ಟಿ.

ಆ ಮೇಷ್ಟ್ರು ಹೇಳಿದ್ದು ಅವರ ಸ್ವಂತ ಮಾತೂ ಅಲ್ಲ. ಇಂಗ್ಲೆಂಡಿನಲ್ಲಿ ಎಷ್ಟೋ ಲೈಬ್ರರಿಯವರು, ಟೀಚರುಗಳು ಅದನ್ನೇ ಹೇಳುತ್ತಿದ್ದರು. ಪದಗಳು ಕಡಿಮೆ, ಎಲ್ಲ ಪುಸ್ತಕವೂ ಒಂದೇ ಥರ, ಮಕ್ಕಳ ಓದು ಬೆಳೆಯುವುದಿಲ್ಲ ಅಂತ. ಕೆಲವು ಲೈಬ್ರರಿಗಳು ಬ್ಲೈಟನ್ ಪುಸ್ತಕ ತರಿಸುವುದನ್ನೇ ಕಮ್ಮಿ ಮಾಡಿದವು. ಬಿಬಿಸಿ ರೇಡಿಯೋದವರು 1930ರ ದಶಕದಿಂದ 50ರ ದಶಕದವರೆಗೆ ಆಕೆಯ ಕಥೆಗಳನ್ನು ಹತ್ತಿರವೇ ಸೇರಿಸಲಿಲ್ಲ. ಅದೇ ಹೊತ್ತಿಗೆ ಮಕ್ಕಳು ಮಾತ್ರ ಮುಗಿಬಿದ್ದು ಓದುತ್ತಿದ್ದರು. ಆಕೆ ತೊಡೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ದಿನಕ್ಕೆ ಆರು ಸಾವಿರ, ಹತ್ತು ಸಾವಿರ ಪದ ಬರೆಯುತ್ತಿದ್ದರು. ಒಟ್ಟು 700ಕ್ಕೂ ಜಾಸ್ತಿ ಪುಸ್ತಕ. ಇಷ್ಟನ್ನು ಒಬ್ಬರೇ ಬರೆಯಲು ಸಾಧ್ಯವಿಲ್ಲ, ಬೇರೆಯವರಿಂದ ಬರೆಸುತ್ತಾಳೆ ಅಂತ ಸುದ್ದಿ ಹಬ್ಬಿಸಿದ್ದರು. ಅದಕ್ಕೂ ಆಕೆ ಕೋರ್ಟಿಗೆ ಹೋಗಬೇಕಾಯಿತು. 2008ರಲ್ಲಿ ಬ್ರಿಟನ್ನಿನಲ್ಲಿ ನಿಮ್ಮ ಅತಿ ಪ್ರೀತಿಯ ಲೇಖಕರು ಯಾರು ಅಂತ ಜನರನ್ನು ಕೇಳಿದರೆ, ಆಕೆ ತೀರಿಕೊಂಡು 40 ವರ್ಷ ಆದ ಮೇಲೂ ಮೊದಲ ಹೆಸರು ಆಕೆಯದೇ ಬಂತು.

ಇನ್ನು ಸ್ವಂತ ಮಕ್ಕಳ ವಿಷಯ. ಅದು ಗಾಳಿಮಾತಲ್ಲ. ಚಿಕ್ಕ ಮಗಳು ಇಮೋಜೆನ್ 1989ರಲ್ಲಿ ತನ್ನ ಬಾಲ್ಯದ ಪುಸ್ತಕ ಬರೆದಳು. ಅಮ್ಮನಲ್ಲಿ ತಾಯಿತನದ ಸುಳಿವೇ ಇರಲಿಲ್ಲ ಅನ್ನುವ ಅರ್ಥದಲ್ಲಿ ಬರೆದಿದ್ದಾಳೆ. ದೊಡ್ಡ ಮಗಳು ಗಿಲಿಯನ್ ಮಾತ್ರ ಕೊನೆಯವರೆಗೂ ನಮ್ಮಮ್ಮ ಪ್ರೀತಿಯವಳು, ಜೊತೆಗಿದ್ದರೆ ಖುಷಿಯಾಗುತ್ತಿತ್ತು ಅಂತಲೇ ಹೇಳಿದಳು. ಒಂದೇ ಮನೆ, ಒಂದೇ ಅಮ್ಮ. ನಮ್ಮ ಮನೆಯಲ್ಲೇ ತಾತನ ಬಗ್ಗೆ ನಾನು ಒಂದು ಹೇಳುತ್ತೇನೆ, ಸಣ್ಣ ಮಾವ ಇನ್ನೊಂದು ಹೇಳುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಬ್ಲೈಟನ್ನಿಗೆ ಸುಮಾರು 13 ವರ್ಷ ಆಗುವಾಗ ಅಪ್ಪ ಇನ್ನೊಬ್ಬಳಿಗಾಗಿ ಮನೆ ಬಿಟ್ಟು ಹೋದರು. ಕಾಡು, ಹೂವು, ಹಕ್ಕಿ ಎಲ್ಲ ತೋರಿಸಿಕೊಟ್ಟ ಅಪ್ಪ. ಅಪ್ಪ ಊರಿಗೆ ಹೋಗಿದ್ದಾರೆ ಅಂತ ಹೊರಗಡೆ ಹೇಳಿ ಅಂದಳು ಅಮ್ಮ. ಮುಂದೆ ಆಕೆಯ ಸ್ವಂತ ಮದುವೆಯೂ ಮುರಿಯಿತು. 1942ರಲ್ಲಿ ವಿಚ್ಛೇದನ, ಮರುವರ್ಷವೇ ಒಬ್ಬ ಡಾಕ್ಟರ ಜೊತೆ ಎರಡನೇ ಮದುವೆ. ಆ ಹೆಣ್ಣುಮಕ್ಕಳಿಗೆ ಅಪ್ಪನ ಒಡನಾಟವೇ ತಪ್ಪಿಹೋಯಿತು. ತಾನು ಪಟ್ಟ ನೋವನ್ನೇ ಮಕ್ಕಳಿಗೂ ಕೊಟ್ಟರಲ್ಲ ಅಂತ ನನಗೆ ಕೋಪವೂ ಬರುತ್ತದೆ, ಅಯ್ಯೋ ಅಂತಲೂ ಅನ್ನಿಸುತ್ತದೆ. ಆದರೆ ಅದನ್ನು ಚಿನ್ನಿಗೆ ಈಗಲೇ ಹೇಳಿ ಏನಾಗಬೇಕು? ದೊಡ್ಡವಳಾದ ಮೇಲೆ ಅವಳೇ ಓದಿಕೊಳ್ಳುತ್ತಾಳೆ.

ಬಣ್ಣದ ಮಾತು ಬೇರೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆಕೆ ಚಿಕ್ಕ ಮಕ್ಕಳಿಗೆ ಬರೆದ, ನಾಡಿ ಅನ್ನುವ ಮರದ ಗೊಂಬೆಯ ಹಳೆಯ ಪುಸ್ತಕ ಒಂದರಲ್ಲಿ ಕಪ್ಪು ಮುಖದ ಗಾಲಿವಾಗ್ ಗೊಂಬೆಗಳು ಕತ್ತಲೆ ಕಾಡಿನಲ್ಲಿ ನಾಡಿಯ ಬಟ್ಟೆ, ಕಾರು ಎಲ್ಲ ದೋಚುತ್ತವೆ. ಇನ್ನೊಂದು ಸಣ್ಣ ಕಥೆ ಇದೆ, ಅದು ಇನ್ನೂ ಕೆಟ್ಟದ್ದು. ಕಪ್ಪು ಮುಖದ ಒಂದು ಗೊಂಬೆ. ಅದರ ಮುಖ ಕಂಡರೆ ಮನೆಯ ಹುಡುಗಿಗೆ ಆಗುವುದಿಲ್ಲ, ಬೇರೆ ಗೊಂಬೆಗಳಿಗೂ ಆಗುವುದಿಲ್ಲ. ಅದು ಮನೆ ಬಿಟ್ಟು ಹೋಗುತ್ತದೆ. ಮಳೆಯಲ್ಲಿ ನೆನೆದು ಮುಖದ ಕಪ್ಪು ತೊಳೆದುಹೋಗಿ ಗುಲಾಬಿ ಬಣ್ಣ ಬರುತ್ತದೆ. ಆಗ ಎಲ್ಲರಿಗೂ ಬೇಕಾಗುತ್ತದೆ. 1966ರಲ್ಲೇ ಇಂಗ್ಲೆಂಡಿನ ಪತ್ರಿಕೆಯಲ್ಲಿ ಲೀನಾ ಜೆಗರ್ ಅನ್ನುವ ಹೆಂಗಸು ಇದನ್ನು ಎತ್ತಿ ಆಡಿ ಬರೆದರು. ಅದಕ್ಕೂ ಮೊದಲು, 1960ರಲ್ಲಿ, ಒಬ್ಬ ದೊಡ್ಡ ಪ್ರಕಾಶಕರು ಆಕೆಯ ಇನ್ನೊಂದು ಪುಸ್ತಕವನ್ನೇ ವಾಪಸ್ ಕಳಿಸಿದ್ದರು. ಹೊರದೇಶದವರೇ ಕಳ್ಳರು ಅನ್ನುವ ಹಾಗೆ ಬರೆದಿದ್ದೀರಿ ಅಂತ. ಕಾಲವೇ ಹಾಗಿತ್ತು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆ ಕಾಲದವರಿಗೇ ಅದು ತಪ್ಪು ಅಂತ ಕಂಡಿತ್ತು.

ಆ ಗೊಂಬೆಯ ಕಥೆ ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಯಾಕೆ ಅಂತ ಈ ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತಿರಬೇಕು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೆಲ್ಲ ನಿಮ್ಮಮ್ಮನನ್ನು ಪಕ್ಕದ ಮನೆಗೆ ಕಳಿಸುತ್ತಿದ್ದರು. ಬೆಳ್ಳಗಿರುವ ತಂಗಿ ಕಣ್ಣಿಗೆ ಬಿದ್ದರೆ ಅಕ್ಕ ಇನ್ನೂ ಕಪ್ಪಗೆ ಕಾಣುತ್ತಾಳೆ ಅಂತ. ಕಡಲೆಹಿಟ್ಟು, ಕೆನೆ, ಅರಿಶಿನ, ಏನೇನು ಹಚ್ಚಲಿಲ್ಲ. ನೀನು ಬಸುರಿಯಾಗಿದ್ದಾಗ ದಿನವೂ ಕೇಸರಿ ಹಾಲು ಕುಡಿಸಿದರು. ಮಗುವಿನ ಶಕ್ತಿಗೆ ಅಂತ ಯಾರೂ ಹೇಳಲಿಲ್ಲ, ಬಣ್ಣಕ್ಕೆ ಅಂತಲೇ ಹೇಳಿದರು. ಚಿನ್ನಿಯ ನಾಮಕರಣದ ದಿನ, ತೊಟ್ಟಿಲ ಹತ್ತಿರವೇ ನಿಂತು, "ಎಲ್ಲ ಚೆನ್ನಾಗಿದೆ, ಬಣ್ಣ ಒಂದು ದೊಡ್ಡಮ್ಮನ ಹಾಗೆ ಬಂತು" ಅಂದವರು ಇದೇ ಗ್ರೂಪಿನಲ್ಲಿದ್ದಾರೆ. ನಾನು ಅವತ್ತು ಹಬ್ಬದ ಮನೆ ಅಂತ ಸುಮ್ಮನಿದ್ದೆ. ಇವತ್ತು ಹೇಳುತ್ತಿದ್ದೇನೆ. ಇನ್ನು ಮುಂದೆ ಆ ಮಗುವಿನ ಎದುರು ಬಣ್ಣದ ಮಾತು ಯಾರೂ ಎತ್ತಬೇಡಿ. ಮದುವೆ ಮನೆಯಲ್ಲಿ ಅವಳ ಫೋಟೋ ತೆಗೆದು ಬಿಳಿ ಮಾಡಿ ಕಳಿಸುವುದನ್ನೂ ನಿಲ್ಲಿಸಿ. ಕಥೆಪುಸ್ತಕದ ಮಾತು ಒಂದು ಸಲ ಓದಿ ಮರೆಯುತ್ತಾಳೆ. ನಾವು ಆಡಿದ್ದು ನನ್ನ ಹಾಗೆ ಈ ವಯಸ್ಸಿನವರೆಗೂ ಹೊತ್ತುಕೊಂಡು ತಿರುಗುತ್ತಾಳೆ.

ಎಲ್ಲಿದ್ದೆ ನಾನು? ಹಾಂ, ಪುಸ್ತಕ. ಇನ್ನೊಂದು ಸಲ ಹೇಳುತ್ತೇನೆ ಪುಟ್ಟಿ, ನಿನ್ನ ಕೈ ಮುಗಿದು ಹೇಳುತ್ತೇನೆ. ಅರ್ಧ ಓದಿದ್ದನ್ನು ಕಿತ್ತುಕೊಳ್ಳಬೇಡ. ಬುದ್ಧಿ ಹೇಳಬೇಕಾದರೂ ಪುಸ್ತಕ ಮುಗಿದ ಮೇಲೆ ಹೇಳು. ಊಟಕ್ಕೆ ಕರೆಯುವಾಗಲೂ "ಈ ಅಧ್ಯಾಯ ಮುಗಿಸಿ ಬಾ" ಅನ್ನು. ಅಧ್ಯಾಯಗಳು ಚಿಕ್ಕವು, ಸಾರು ಆರುವುದರೊಳಗೆ ಬಂದುಬಿಡುತ್ತಾಳೆ.

ಈಗ ಮಾಡಬೇಕಾದ ಕೆಲಸ. ಮೊದಲು ಪುಸ್ತಕದ ಒಳಪುಟ ತೆಗೆದು ಯಾವ ವರ್ಷದ ಮುದ್ರಣ ಅಂತ ನೋಡು. ನಾಡಿ ಪುಸ್ತಕ ಈಚಿನದಾದರೆ ಗಾಲಿವಾಗ್ ಇರುವುದಿಲ್ಲ, 80ರ ದಶಕದ ಕೊನೆಯ ಹೊತ್ತಿಗೆ ತೆಗೆದು ಬೇರೆ ಗೊಂಬೆ, ಗಾಬ್ಲಿನ್ ಅನ್ನುವ ಕುಳ್ಳ ದೆವ್ವ ಹಾಕಿದ್ದಾರೆ. ಫುಟ್‌ಪಾತಿನಲ್ಲಿ ಕೊಂಡ ಹಳೆಯ ಪ್ರತಿ ಆದರೆ ನೀನು ಮೊದಲು ಓದು. ಫೇಮಸ್ ಫೈವ್ ಆದರೆ ಭಯ ಬೇಡ. 2010ರಲ್ಲಿ ಅದರ ಭಾಷೆಯನ್ನು ಹೊಸದು ಮಾಡಲು ಹೋಗಿ, ಓದುಗರು ಒಪ್ಪದೆ, 2016ರಲ್ಲಿ ಪ್ರಕಾಶಕರೇ ಹಳೆಯದಕ್ಕೆ ವಾಪಸ್ ಬಂದರು. ಅದರಲ್ಲಿ ಗಮನಿಸಬೇಕಾದ್ದು ಬೇರೆ. ಆನ್ ಅನ್ನುವ ಹುಡುಗಿಯೇ ಯಾವಾಗಲೂ ಅಡುಗೆ, ಪಾತ್ರೆ ನೋಡಿಕೊಳ್ಳುತ್ತಾಳೆ. ಹುಡುಗರು ಅಪ್ಪಣೆ ಕೊಡುತ್ತಾರೆ. ಜಾರ್ಜ್ ಅನ್ನುವ ಹುಡುಗಿ ಅದಕ್ಕೆ ಬಗ್ಗುವುದಿಲ್ಲ. ಪುಸ್ತಕ ಮುಗಿದ ಮೇಲೆ ಚಿನ್ನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಾತ್ರೆ ಯಾಕೆ ಆನ್ ಒಬ್ಬಳೇ ತೊಳೆಯಬೇಕು ಅಂತ ಕೇಳು. ಉತ್ತರ ನೀನು ಹೇಳಬೇಡ, ಅವಳು ಹೇಳಲಿ. ಆ ಗೊಂಬೆಯ ಕಥೆ ಎಂದಾದರೂ ಯಾವುದಾದರೂ ಹಳೆಯ ಸಂಗ್ರಹದಲ್ಲಿ ಅವಳ ಕೈಗೆ ಸಿಕ್ಕರೆ ಮಾತ್ರ ಒಬ್ಬಳನ್ನೇ ಓದಲು ಬಿಡಬೇಡ. ಜೊತೆಗೆ ಕೂತು ಓದು, ಇದು ಬರೆದವರ ತಪ್ಪು ಅಂತ ನೇರವಾಗಿ ಹೇಳು. ನನಗೆ ಫೋನ್ ಮಾಡು, ನಾನೂ ಹೇಳುತ್ತೇನೆ.

ಇಷ್ಟೆಲ್ಲ ಮಾತಾಡಿದೆ, ನೀನು ಯಾವ ಪುಸ್ತಕ ಅಂತಲೇ ಬರೆದಿಲ್ಲ ನೋಡು. ಮುಖಪುಟ ಮತ್ತು ವರ್ಷ ಇರುವ ಒಳಪುಟ, ಎರಡರದ್ದೂ ಫೋಟೋ ತೆಗೆದು ಇಲ್ಲೇ ಹಾಕು. ಸಂಜೆ ದೀಪ ಹಚ್ಚುವುದರೊಳಗೆ ಹಾಕಿದರೆ ಇವತ್ತೇ ನೋಡಿ ಹೇಳುತ್ತೇನೆ.